ಮೈಕು ಕೊಡುವ ಕೈ



ಕಳೆದ ತಿಂಗಳು ಒಂದು ಸಂಜೆ ನಮ್ಮ ಬೀದಿಯ ಗೆಳೆಯರೊಬ್ಬರ ಮನೆಯಲ್ಲಿ ನಾವು ನಾಲ್ಕು ಮಂದಿ ನಿವೃತ್ತರು ಕುಳಿತು ಟೀವಿಯಲ್ಲಿ ಕ್ರಿಕೆಟ್ ಪಂದ್ಯ ನೋಡುತ್ತಿದ್ದೆವು. ಹತ್ತು ಓವರು ಕಳೆದ ಮೇಲೆ ವೀಕ್ಷಕ ವಿವರಣೆಯ ಸರದಿ ಒಬ್ಬ ಮಹಿಳೆಯದಾಯಿತು. ಮನೆಯೊಡೆಯರು ರಿಮೋಟನ್ನು ಎತ್ತಿಕೊಂಡು ಧ್ವನಿಯನ್ನು ಪೂರ್ತಿಯಾಗಿ ಅಡಗಿಸಿಬಿಟ್ಟರು. "ಆಕೆ ಹೇಳುವುದರಲ್ಲಿ ತಪ್ಪೇನಿಲ್ಲ ಮೇಷ್ಟ್ರೇ. ಆದರೆ ಹೆಂಗಸಿನ ಧ್ವನಿಯಲ್ಲಿ ಕ್ರಿಕೆಟ್ಟು ಕಿವಿಗೆ ಒಗ್ಗುವುದಿಲ್ಲ" ಎಂದರು. ಉಳಿದಿಬ್ಬರು ತಲೆಯಾಡಿಸಿದರು. ನಾನು ಏನೂ ಹೇಳಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ನಾನು ಸುಮ್ಮನಿದ್ದುದು ಸೌಜನ್ಯದಿಂದಲ್ಲ. ಹೆಚ್ಚುಕಡಿಮೆ ಅದೇ ಮಾತನ್ನು ಬಹಳ ವರ್ಷಗಳ ಹಿಂದೆ ನಾನೇ ಆಡಿದ್ದೆ. ಅದೂ ಮೈಕನ್ನು ಕೈಯಲ್ಲಿ ಹಿಡಿದುಕೊಂಡು, ಒಬ್ಬ ವಿದ್ಯಾರ್ಥಿನಿಯ ಮುಖಕ್ಕೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ದೂರದ ಊರಿನ ಒಬ್ಬ ರೇಡಿಯೋ ವರದಿಗಾರ್ತಿಯ ವೃತ್ತಿಜೀವನವನ್ನು ನಿಮಗೆ ಹೇಳಬೇಕಾಗಿದೆ. ನನ್ನ ತಪ್ಪು ನನಗೆ ತಪ್ಪೆಂದು ಕಂಡದ್ದು ಆಕೆಯ ಮೂಲಕ.

1998ರಲ್ಲಿ ನಾನು ನಿವೃತ್ತನಾದೆ. ಅದೇ ವರ್ಷದ ಕೊನೆಯಲ್ಲಿ ಮಗಳ ಬಾಣಂತನಕ್ಕೆಂದು ನಾವು ದಂಪತಿಗಳು ನ್ಯೂಜೆರ್ಸಿಗೆ ಹೋದೆವು. ನನ್ನಾಕೆಗೆ ಅಲ್ಲಿ ಕೈತುಂಬ ಕೆಲಸ. ಎಣ್ಣೆನೀರು, ಮೆಣಸಿನ ಸಾರು, ತೊಟ್ಟಿಲು. ನನಗೆ ಮಾತ್ರ ಯಾವ ಕೆಲಸವೂ ಇರಲಿಲ್ಲ. ಹೊರಗೆ ಹಿಮ. ನಡೆದು ಹೋಗುವಷ್ಟು ದೂರದಲ್ಲಿ ಒಂದು ಅಂಗಡಿಯೂ ಇಲ್ಲ. ಅಡಿಗೆಮನೆಯ ಮೂಲೆಯಲ್ಲಿದ್ದ ಪುಟ್ಟ ರೇಡಿಯೋ ಒಂದೇ ನನ್ನ ಜೊತೆಗಾರ. ಅಳಿಯಂದಿರು ಅದನ್ನು ಸದಾ ಒಂದೇ ನಿಲಯಕ್ಕೆ ತಿರುಗಿಸಿ ಇಟ್ಟಿರುತ್ತಿದ್ದರು: ನ್ಯೂಯಾರ್ಕಿನ ಡಬ್ಲ್ಯೂಎಫ್ಎಎನ್, 660 ಎಎಂ. ಅಲ್ಲಿಯ ಜನ ಅದನ್ನು ಚುಟುಕಾಗಿ 'ದಿ ಫ್ಯಾನ್' ಎನ್ನುತ್ತಾರೆ. ದಿನದ ಹೆಚ್ಚು ಹೊತ್ತೂ ಆಟದ ಮಾತೇ. ಹಾಡಿಲ್ಲ, ನಾಟಕವಿಲ್ಲ, ಕೃಷಿರಂಗವಿಲ್ಲ. ನಿರೂಪಕನೊಬ್ಬ ಮಾತನಾಡುತ್ತಾನೆ, ಊರಿನ ಜನ ದೂರವಾಣಿಯಲ್ಲಿ ಅವನೊಡನೆ ಜಗಳವಾಡುತ್ತಾರೆ, ಇಪ್ಪತ್ತು ನಿಮಿಷಕ್ಕೊಮ್ಮೆ ಅಂಕಗಳ ವಾರ್ತೆ. ಆಕಾಶವಾಣಿಯಲ್ಲಿ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರರ ಆಟವನ್ನು ಉಸಿರು ಬಿಗಿಹಿಡಿದು ಕೇಳಿ ಬೆಳೆದ ಕಿವಿಗೆ ಇದು ಮೊದಲು ಸಂತೆಯ ಗದ್ದಲದಂತೆ ಕೇಳಿಸಿತು. ಅರ್ಧ ಇಂಗ್ಲಿಷು ಅರ್ಥವಾಗುತ್ತಿರಲಿಲ್ಲ. ಬೇಸ್‌ಬಾಲ್ ಆಟವಂತೂ ಪೂರ್ತಿಯಾಗಿಯೇ ಅರ್ಥವಾಗುತ್ತಿರಲಿಲ್ಲ.

1999ರ ಜನವರಿ 5ರ ಸಂಜೆ ಅದೇ ರೇಡಿಯೋದಲ್ಲಿ ಏನೋ ವಿಶೇಷ ನಡೆಯುತ್ತಿತ್ತು. ಅಳಿಯಂದಿರು ಕಚೇರಿಯಿಂದ ಬಂದವರು ಕೋಟನ್ನೂ ಬಿಚ್ಚದೆ ಅಡಿಗೆಮನೆಯಲ್ಲಿ ನಿಂತುಬಿಟ್ಟರು. ನಾನು ಏನೆಂದು ಕೇಳಿದೆ. "ಮಾವ, ಹದಿನಾಲ್ಕು ವರ್ಷದ ಮುನಿಸು ಮುಗಿಯುತ್ತಿದೆ" ಎಂದರು.

ಕಥೆ ಇದು. ಯೋಗಿ ಬೆರ‍್ರಾ ಎಂಬುವರು ನ್ಯೂಯಾರ್ಕ್ ಯಾಂಕೀಸ್ ತಂಡದ ಹಿರಿಯ ಆಟಗಾರರು. ಆಟಗಾರರಾಗಿ ಹತ್ತು ಸಲ 'ವರ್ಲ್ಡ್ ಸೀರೀಸ್' ಗೆದ್ದ ತಂಡಗಳಲ್ಲಿದ್ದವರು. ಆಮೇಲೆ ಅದೇ ತಂಡದ ಮ್ಯಾನೇಜರರಾದರು. ತಂಡದ ಒಡೆಯ ಜಾರ್ಜ್ ಸ್ಟೈನ್‌ಬ್ರೆನ್ನರ್ 1985ರ ಇಡೀ ಋತುವಿಗೆ ನಿಮ್ಮನ್ನು ಕದಲಿಸುವುದಿಲ್ಲ ಎಂದು ಮಾತು ಕೊಟ್ಟು, ಕೇವಲ ಹದಿನಾರು ಪಂದ್ಯಗಳಾದ ಮೇಲೆ ಅವರನ್ನು ಕೆಲಸದಿಂದ ತೆಗೆದ. ತೆಗೆದದ್ದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು: ಆ ಮಾತನ್ನು ಹೇಳಲು ತಾನು ಬರಲಿಲ್ಲ, ಬೇರೊಬ್ಬರನ್ನು ಕಳುಹಿಸಿದ. ಈ ಮನುಷ್ಯ ಒಡೆಯನಾಗಿರುವ ತನಕ ಆ ಕ್ರೀಡಾಂಗಣಕ್ಕೆ ಕಾಲಿಡುವುದಿಲ್ಲವೆಂದು ಬೆರ‍್ರಾ ಹೇಳಿದರು. ಹೇಳಿದಂತೆಯೇ ಹದಿನಾಲ್ಕು ವರ್ಷ ನಡೆದುಕೊಂಡರು. ಆ ಸಂಜೆ ಸ್ಟೈನ್‌ಬ್ರೆನ್ನರ್ ತಾನಾಗಿ ನ್ಯೂಜೆರ್ಸಿಗೆ, ಬೆರ‍್ರಾ ಅವರ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಬಂದು, ಎದುರಿಗೆ ನಿಂತು ತಪ್ಪೊಪ್ಪಿಕೊಂಡ. ಆ ಇಬ್ಬರನ್ನೂ ಒಪ್ಪಿಸಿ ಒಂದೇ ಕಡೆ ಕೂರಿಸಿದವರು ಯಾರು? ದೊಡ್ಡ ವಕೀಲರಲ್ಲ, ರಾಜಕಾರಣಿಯಲ್ಲ. ಅದೇ ರೇಡಿಯೋ ನಿಲಯದ ವರದಿಗಾರ್ತಿ, ಸೂಜನ್ ವಾಲ್ಡ್‌ಮನ್. ಆ ಸಂಜೆ ನಮ್ಮ ಅಡಿಗೆಮನೆಯಲ್ಲಿ ಕೇಳಿಸುತ್ತಿದ್ದ ಹೆಣ್ಣುಧ್ವನಿ ಆಕೆಯದೇ.

ಆಟ ಅರ್ಥವಾಗದಿದ್ದರೂ ಮುನಿಸು ನನಗೆ ಅರ್ಥವಾಯಿತು. ಅದು ಎಲ್ಲ ಊರಿನ ವಿಷಯ. ಆದರೆ ನನ್ನ ಗಮನ ನಿಂತದ್ದು ಆ ಧ್ವನಿಯಲ್ಲಿ. ಅದು ಅವಸರಪಡುತ್ತಿರಲಿಲ್ಲ. ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಕಾಯುತ್ತಿತ್ತು. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ, ಪ್ರಶ್ನೆ ಕೇಳಿ ಕಾಯುವುದು ಎಷ್ಟು ಕಷ್ಟವೆಂದು ಗೊತ್ತು.

ಊರಿಗೆ ಮರಳಿದ ಮೇಲೂ ಆ ಹೆಸರು ಮರೆಯಲಿಲ್ಲ. ಮುಂದೆ ಮನೆಗೆ ಕಂಪ್ಯೂಟರು ಬಂದಾಗ ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಮನಸ್ಸಿನೊಳಗೆ ಏನೋ ಚುಚ್ಚುತ್ತ ಹೋಯಿತು.

ವಾಲ್ಡ್‌ಮನ್ 1946ರಲ್ಲಿ ಬಾಸ್ಟನ್ ನಗರದ ಬಳಿಯ ನ್ಯೂಟನ್‌ನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಫೆನ್‌ವೇ ಪಾರ್ಕ್ ಮೈದಾನಕ್ಕೆ ಹೋಗಿ ಬೇಸ್‌ಬಾಲಿನ ಹುಚ್ಚು ಹಿಡಿಸಿಕೊಂಡವರು. ಓದಿದ್ದು ಅರ್ಥಶಾಸ್ತ್ರ, ಬದುಕಿದ್ದು ಹಾಡಿನಿಂದ. 'ಮ್ಯಾನ್ ಆಫ್ ಲಾ ಮಾಂಚಾ'ದಂಥ ಸಂಗೀತ ನಾಟಕಗಳಲ್ಲಿ ಹಾಡಿ ಅಭಿನಯಿಸಿದ ಕಲಾವಿದೆ. ಕ್ರೀಡಾಂಗಣಗಳಲ್ಲಿ ಪಂದ್ಯಕ್ಕೆ ಮೊದಲು ರಾಷ್ಟ್ರಗೀತೆಯನ್ನೂ ಹಾಡಿದವರು. ಈ ಒಂದು ವಿವರವನ್ನು ನೆನಪಿನಲ್ಲಿಟ್ಟುಕೊಳ್ಳಿ. ಹಾಡುವುದಕ್ಕೆ ಮೈದಾನಕ್ಕೆ ಬಂದ ಹೆಣ್ಣನ್ನು ಯಾರೂ ಬೇಡವೆನ್ನಲಿಲ್ಲ. ಆಕೆ ಪ್ರಶ್ನೆ ಕೇಳುವುದಕ್ಕೆ ಬಂದಾಗ ತೊಂದರೆ ಶುರುವಾಯಿತು.

1987ರ ಜುಲೈ 1ರಂದು ಮಧ್ಯಾಹ್ನ 3 ಗಂಟೆಗೆ ನ್ಯೂಯಾರ್ಕಿನಲ್ಲಿ 1050 ಎಎಂ ತರಂಗದ ಮೇಲೆ ಡಬ್ಲ್ಯೂಎಫ್ಎಎನ್ ಹುಟ್ಟಿತು. ಅಲ್ಲಿಯ ತನಕ ಆ ತರಂಗದಲ್ಲಿ ಹಳ್ಳಿಗಾಡಿನ 'ಕಂಟ್ರಿ' ಸಂಗೀತ ಬರುತ್ತಿತ್ತು. ಇಡೀ ದಿನ ಆಟದ ಮಾತನ್ನೇ ಆಡಿ ಒಂದು ನಿಲಯ ಬದುಕೀತೇ ಎಂದು ನಕ್ಕವರೇ ಹೆಚ್ಚು. ಮರುವರ್ಷ ಅಕ್ಟೋಬರಿನಲ್ಲಿ ಅದು ಇನ್ನೂ ದೂರ ಕೇಳಿಸುವ 660ಕ್ಕೆ ಸ್ಥಳ ಬದಲಿಸಿತು, ಬದುಕಿತು, ಅದನ್ನು ನೋಡಿ ಅಮೆರಿಕದ ಊರೂರುಗಳಲ್ಲಿ ಅಂಥ ನಿಲಯಗಳು ಹುಟ್ಟಿದವು. ಆ ಮೊದಲ ದಿನ, ಮೊದಲ ನಿಮಿಷದಲ್ಲಿ, ಮೊದಲ ಕ್ರೀಡಾವಾರ್ತೆಯನ್ನು ಓದಿದ ಧ್ವನಿ ಯಾರದು? ಸೂಜನ್ ವಾಲ್ಡ್‌ಮನ್ ಅವರದು. ಆಗ ಆಕೆಗೆ ನಲವತ್ತು ವಯಸ್ಸು. ನಾಟಕರಂಗದಲ್ಲಿ ಪಾತ್ರಗಳು ಕಡಮೆಯಾಗುವ ವಯಸ್ಸಿನಲ್ಲಿ ಆಕೆ ಹೊಸ ಕಸುಬಿನ ಮೊದಲ ಮೆಟ್ಟಿಲ ಮೇಲೆ ನಿಂತಿದ್ದರು.

ನಿಲಯ ಆಕೆಗೆ ಮೈಕು ಕೊಟ್ಟಿತು. ಊರು ಅಷ್ಟು ಬೇಗ ಕಿವಿ ಕೊಡಲಿಲ್ಲ. ಬೈಗುಳದ ಪತ್ರಗಳು ಬಂದವು, ಬೆದರಿಕೆಗಳು ಬಂದವು. ಅದೇ ವರ್ಷ ಟೊರಾಂಟೋ ತಂಡದ ಆಟಗಾರರ ಕೋಣೆಗೆ ಸಂದರ್ಶನಕ್ಕೆಂದು ಹೋದಾಗ ಜಾರ್ಜ್ ಬೆಲ್ ಎಂಬ ಪ್ರಸಿದ್ಧ ಆಟಗಾರ ಎಲ್ಲರೆದುರು ಆಕೆಯನ್ನು ಕೆಟ್ಟ ಮಾತುಗಳಿಂದ ಬೈದ. ಕೋಣೆ ಸ್ತಬ್ಧವಾಯಿತು. ಕಣ್ಣಲ್ಲಿ ನೀರು ತಂದುಕೊಂಡು ಆಕೆ ಹೊರಡಬೇಕು. ಅಷ್ಟರಲ್ಲಿ ಅದೇ ತಂಡದ ಜೆಸ್ಸಿ ಬಾರ್‌ಫೀಲ್ಡ್ ಆಕೆಯನ್ನು ಹೆಸರು ಹಿಡಿದು ಕರೆದ. ಇವತ್ತು ನಾನು ಚೆನ್ನಾಗಿ ಹೊಡೆದಿದ್ದೇನಲ್ಲ, ನನ್ನನ್ನು ಏನೂ ಕೇಳುವುದಿಲ್ಲವೇ ಎಂಬರ್ಥದ ಮಾತನಾಡಿದ. ಆಕೆ ತಿರುಗಿ ಬಂದು ಪ್ರಶ್ನೆ ಕೇಳಿದರು. ಕೆಲಸ ಮುಂದುವರಿಯಿತು. ಆ ಬಾರ್‌ಫೀಲ್ಡ್ ಅಂದು ಮಹಿಳೆಯರ ಹಕ್ಕಿನ ಬಗ್ಗೆ ಭಾಷಣವನ್ನೇನೂ ಮಾಡಲಿಲ್ಲ. ಆಕೆಗೆ ಒಂದು ಪ್ರಶ್ನೆ ಕೇಳುವ ಅವಕಾಶವನ್ನು ಮಾಡಿಕೊಟ್ಟ, ಅಷ್ಟೆ. ಒಂದು ವೃತ್ತಿಜೀವನ ಉಳಿಯಲು ಕೆಲವೊಮ್ಮೆ ಅಷ್ಟು ಸಾಕು.

ಹಾಗೆ ಉಳಿದ ಜೀವನ ಏನೇನು ಮಾಡಿತು ನೋಡಿ. 1989ರ ಅಕ್ಟೋಬರ್ 17ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವರ್ಲ್ಡ್ ಸೀರೀಸ್ ಪಂದ್ಯ ಇನ್ನೇನು ಆರಂಭವಾಗಬೇಕು, ಸಂಜೆ 5 ಗಂಟೆ 4 ನಿಮಿಷಕ್ಕೆ ಭೂಕಂಪವಾಯಿತು. ಆಟದ ವರದಿಗೆ ಹೋದ ವಾಲ್ಡ್‌ಮನ್ ಅಲ್ಲಿಂದ ಭೂಕಂಪದ ವರದಿ ಹೇಳಿದರು; ಅದಕ್ಕೆ ಪ್ರಶಸ್ತಿಯೂ ಬಂತು. 1996ರಲ್ಲಿ ಸ್ತನ ಕ್ಯಾನ್ಸರ್ ಬಂದಾಗಲೂ ಚಿಕಿತ್ಸೆಯ ನಡುವೆಯೇ ಕೆಲಸ ಮಾಡಿದರು. 1990ರ ದಶಕದ ನಡುವಿನಲ್ಲಿ ಯಾಂಕೀಸ್ ತಂಡದ ಕೆಲವು ಪಂದ್ಯಗಳಿಗೆ ಟೀವಿಯಲ್ಲಿ ವಿವರಣೆ ಹೇಳಿದರು. 1999ರ ರಾಜಿಯ ಕಥೆಯನ್ನು ಆಗಲೇ ಹೇಳಿದ್ದೇನೆ. 2005ರಿಂದ ಜಾನ್ ಸ್ಟರ್ಲಿಂಗ್ ಅವರ ಜೊತೆ ಯಾಂಕೀಸ್ ತಂಡದ ರೇಡಿಯೋ ಪ್ರಸಾರದಲ್ಲಿ ವಿಶ್ಲೇಷಕಿಯಾಗಿ ಕುಳಿತರು. 2009ರಲ್ಲಿ ವರ್ಲ್ಡ್ ಸೀರೀಸ್ ಪಂದ್ಯಗಳನ್ನು ಪ್ರಸಾರದ ಕೋಣೆಯಿಂದ ರೇಡಿಯೋ ಕೇಳುಗರಿಗೆ ಮುಟ್ಟಿಸಿದ ಮೊದಲ ಮಹಿಳೆಯಾದರು. 2022ರಲ್ಲಿ ಅಮೆರಿಕದ ರೇಡಿಯೋ ಹಾಲ್ ಆಫ್ ಫೇಮ್ ಆಕೆಯನ್ನು ಸೇರಿಸಿಕೊಂಡಿತು. 2024ರಲ್ಲಿ ಎಪ್ಪತ್ತೆಂಟು ತುಂಬಿದಾಗಲೂ ಅದೇ ಕುರ್ಚಿಯಲ್ಲಿದ್ದರು.

ಹೊಗಳಿಕೆಯನ್ನು ಮಾತ್ರ ಹೇಳಿದರೆ ನ್ಯಾಯವಾಗುವುದಿಲ್ಲ. ಆಕೆಯ ದೋಷಗಳನ್ನೂ ನಾನು ಬಲ್ಲೆ. 2007ರ ಮೇ ತಿಂಗಳಲ್ಲಿ ರೋಜರ್ ಕ್ಲೆಮೆನ್ಸ್ ಎಂಬ ಪ್ರಖ್ಯಾತ ಆಟಗಾರ ಯಾಂಕೀಸ್ ತಂಡಕ್ಕೆ ಮರಳುವ ಸುದ್ದಿ ಪಂದ್ಯದ ನಡುವೆ ತಿಳಿದಾಗ ಆಕೆ ರೇಡಿಯೋದಲ್ಲಿ ಕೂಗಿದ ಕೂಗು ಊರಿಗೆಲ್ಲ ನಗೆಪಾಟಲಾಯಿತು. ಅದರ ಧ್ವನಿಮುದ್ರಿಕೆಯನ್ನು ನಾನೂ ಕೇಳಿದ್ದೇನೆ. ಅತಿಯಾಯಿತೆಂದು ನನಗೂ ಅನಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ತಂಡ ಸೋತು ಹೊರಬಿದ್ದ ರಾತ್ರಿ ತರಬೇತುದಾರರ ಕೋಣೆಯ ದುಃಖವನ್ನು ವರ್ಣಿಸುವಾಗ ಆಕೆಯ ಗಂಟಲು ಕಟ್ಟಿತು. ಅದಕ್ಕೂ ನಕ್ಕರು. ಒಪ್ಪೋಣ, ವರದಿಗಾರರು ಸಂಯಮ ಮೀರಬಾರದು. ಆದರೆ ಒಂದು ಮಾತು ಕೇಳುತ್ತೇನೆ. ನಮ್ಮಲ್ಲಿ ಸಿಕ್ಸರು ಬಿದ್ದಾಗ ಗಂಟಲು ಹರಿಯುವಂತೆ ಅರಚುವ ಗಂಡಸರಿಗೆ ನಾವು ಏನೆನ್ನುತ್ತೇವೆ? 'ಏನು ಉತ್ಸಾಹ!' ಎನ್ನುತ್ತೇವೆ. ಗೆದ್ದ ರಾತ್ರಿ ಅತ್ತ ವಿವರಣೆಗಾರನಿಗೆ 'ಏನು ದೇಶಪ್ರೇಮ!' ಎನ್ನುತ್ತೇವೆ. ಗಂಡಸು ತಪ್ಪಿದರೆ ಆ ತಪ್ಪು ಅವನೊಬ್ಬನದು. ಹೆಂಗಸು ತಪ್ಪಿದರೆ ಆ ತಪ್ಪನ್ನು ಎಲ್ಲ ಹೆಂಗಸರ ಲೆಕ್ಕಕ್ಕೆ ಬರೆಯುತ್ತೇವೆ. ಈ ತಕ್ಕಡಿಯೇ ಸರಿಯಿಲ್ಲ.

ಇಲ್ಲಿಗೆ ನನ್ನ ಅಭಿಪ್ರಾಯಕ್ಕೆ ಬಂದೆ. ನಮ್ಮ ಗೆಳೆಯರು ಹೇಳಿದ 'ಕಿವಿಗೆ ಒಗ್ಗುವುದಿಲ್ಲ' ಎಂಬ ಮಾತು ಸುಳ್ಳಲ್ಲ. ಅವರ ಕಿವಿಗೆ ನಿಜವಾಗಿಯೂ ಒಗ್ಗುವುದಿಲ್ಲ. ಆದರೆ ಕಿವಿಗೆ ಒಗ್ಗುವುದೆಂದರೆ ಏನು? ಅದು ಅಭ್ಯಾಸ. ಐವತ್ತು ವರ್ಷ ಒಂದೇ ಬಗೆಯ ಧ್ವನಿಯಲ್ಲಿ ಆಟ ಕೇಳಿದವರಿಗೆ ಆ ಧ್ವನಿಯೇ ಆಟವೆಂದು ತೋರುತ್ತದೆ. ನಾವು ನಮ್ಮ ಕಿವಿಯ ಅಭ್ಯಾಸವನ್ನು ಇನ್ನೊಬ್ಬರ ಅರ್ಹತೆಯೆಂದು ತಪ್ಪು ತಿಳಿಯುತ್ತೇವೆ. ಅರ್ಹತೆಯನ್ನು ಅಳೆಯುವ ಪ್ರಶ್ನೆಗಳೇ ಬೇರೆ. ಹೇಳಿದ್ದು ನಿಜವೇ? ನೋಡಿ ಹೇಳಿದರೇ, ಕೇಳಿದ್ದನ್ನು ಹೇಳಿದರೇ? ನಮಗೆ ಕಾಣದೆ ಹೋದದ್ದನ್ನು ಕಾಣಿಸಿದರೇ?

ಇನ್ನೊಂದು ಮಾತು. ಕ್ರೀಡಾ ರೇಡಿಯೋ ಎಂದೊಡನೆ ನಾವು ಮಾತುಗಾರರನ್ನು ನೆನೆಯುತ್ತೇವೆ. ಅವರನ್ನು ಅಲ್ಲಿ ಕೂರಿಸಿದವರನ್ನು ನೆನೆಯುವುದಿಲ್ಲ. ನಮ್ಮ ಆಕಾಶವಾಣಿಯಲ್ಲಿ 'ಕಾರ್ಯಕ್ರಮ ನಿರ್ವಾಹಕರು' ಎಂಬ ಹುದ್ದೆ ಇದೆ. ಯಾವ ಹೊತ್ತಿನಲ್ಲಿ ಏನು ಬರಬೇಕು, ಯಾರು ಮಾತನಾಡಬೇಕು, ಎಷ್ಟು ನಿಮಿಷ ಎಂಬುದೆಲ್ಲ ಅಂಥವರ ಕೈಯಲ್ಲಿ. ಕೇಳುಗರಿಗೆ ಅವರ ಹೆಸರೂ ತಿಳಿಯುವುದಿಲ್ಲ. ಆದರೆ ಕೇಳುಗರ ಕಿವಿಯನ್ನು ಪಳಗಿಸುವವರು ಅವರೇ. ಅವರು ಕೊಟ್ಟ ಧ್ವನಿ ಹತ್ತು ವರ್ಷದಲ್ಲಿ 'ಒಗ್ಗಿದ ಧ್ವನಿ'ಯಾಗುತ್ತದೆ. ಅವರು ಕೊಡದ ಧ್ವನಿ ಎಂದೆಂದಿಗೂ 'ಒಗ್ಗದ ಧ್ವನಿ'ಯಾಗಿ ಉಳಿಯುತ್ತದೆ. 'ಕೋಣೆಯ ಕೂಸು ಕೊಳೆಯಿತು, ಓಣಿಯ ಕೂಸು ಬೆಳೆಯಿತು' ಎನ್ನುವ ಗಾದೆ ಧ್ವನಿಗೂ ಸಲ್ಲುತ್ತದೆ.

ನಮ್ಮ ದೇಶದಲ್ಲಿ ಅಂಥ ಧ್ವನಿಗಳು ಇರಲಿಲ್ಲವೇ? ಇದ್ದವು. ಭಾರತದ ಮೊದಲ ಟೆಸ್ಟ್ ನಾಯಕ ಸಿ. ಕೆ. ನಾಯುಡು ಅವರ ಮಗಳು ಚಂದ್ರಾ ನಾಯುಡು 1977ರಲ್ಲಿ ಇಂದೋರಿನಲ್ಲಿ ನಡೆದ ಪಂದ್ಯವೊಂದಕ್ಕೆ, ಎಂಸಿಸಿ ತಂಡ ಮುಂಬಯಿಯ ಎದುರು ಆಡಿದಾಗ, ವೀಕ್ಷಕ ವಿವರಣೆ ಹೇಳಿದರು. ನಮ್ಮ ದೇಶದ ಮೊದಲ ಮಹಿಳಾ ಕ್ರಿಕೆಟ್ ವಿವರಣೆಗಾರ್ತಿ ಎಂದು ಅವರನ್ನು ಕರೆಯುತ್ತಾರೆ. 2021ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಯಲ್ಲಿ ಓದಿಯೇ ನನಗೆ ಆ ವಿಷಯ ತಿಳಿದದ್ದು. ನಾನು ಈಗ ಹೇಳಹೊರಟಿರುವ ಘಟನೆ ಅದರ ಮರುವರ್ಷ ನಡೆಯಿತು.

1978. ತಾಲ್ಲೂಕು ಮಟ್ಟದ ಕ್ರೀಡಾಕೂಟ ನಮ್ಮ ಪ್ರೌಢಶಾಲೆಯ ಮೈದಾನದಲ್ಲಿ ಏರ್ಪಾಡಾಗಿತ್ತು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಾಡಿಗೆಯ ಮೈಕು, ಹೊಂಗೆಮರಕ್ಕೆ ಕಟ್ಟಿದ ಎರಡು ಕಹಳೆ ಸ್ಪೀಕರು, ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳು. ಕನ್ನಡ ಹೇಳುವವನೆಂದು ಮೈಕಿನ ಜವಾಬ್ದಾರಿಯನ್ನು ಹೆಡ್‌ಮಾಸ್ಟರು ನನಗೆ ವಹಿಸಿದ್ದರು. ಅಂದರೆ ಆ ಎರಡು ದಿನದ ಮಟ್ಟಿಗೆ ನಾನೇ ಕಾರ್ಯಕ್ರಮ ನಿರ್ವಾಹಕ.

ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಮೈಕಟ್ಟು ಸಣ್ಣದು, ತಂಡಕ್ಕೆ ಆಯ್ಕೆಯಾಗಿರಲಿಲ್ಲ. ಆದರೆ ಖೋ ಖೋ ಅಭ್ಯಾಸ ನಡೆಯುವಾಗ ಮರದಡಿ ಕುಳಿತು, ಹೋಟೆಲಿನ ರೇಡಿಯೋದಲ್ಲಿ ಕೇಳಿದ ಕ್ರಿಕೆಟ್ ವಿವರಣೆಯ ಧಾಟಿಯಲ್ಲಿ, ಕನ್ನಡದಲ್ಲಿ ಆಟವನ್ನು ಹೇಳುತ್ತಿದ್ದಳು. ಯಾರು ಕಂಬ ಸುತ್ತಿದರು, ಯಾರು ಖೋ ಕೊಡಲು ತಡಮಾಡಿದರು, ಯಾರ ಉಸಿರು ಸೋಲುತ್ತಿದೆ, ಎಲ್ಲವೂ ಅವಳ ಮಾತಿನಲ್ಲಿ ಇರುತ್ತಿತ್ತು. ಉಳಿದ ಹುಡುಗಿಯರು ಆಟ ಬಿಟ್ಟು ಅವಳ ಮಾತು ಕೇಳುತ್ತ ನಿಲ್ಲುತ್ತಿದ್ದರು. ನಾನೂ ಒಂದೆರಡು ಸಲ ಕಿಟಕಿಯಿಂದ ಕೇಳಿದ್ದೆ. ಕ್ರೀಡಾಕೂಟದ ಹಿಂದಿನ ದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ಹುಡುಗಿಯರ ಫೈನಲ್ಲಿಗೆ ನಾನು ಮೈಕಿನಲ್ಲಿ ಹೇಳಲಾ?" ಎಂದು ಕೇಳಿದಳು.

ನಾನು ಏನು ಹೇಳಿದೆ ಗೊತ್ತೇ? "ಹೆಣ್ಣುಮಕ್ಕಳು ಮೈಕಿನಲ್ಲಿ ಹಾಗೆ ಕಿರುಚಿದರೆ ಕೇಳುವುದಕ್ಕೆ ಚೆನ್ನಾಗಿರುವುದಿಲ್ಲಮ್ಮ. ನಿನ್ನ ಕಂಠ ಚೆನ್ನಾಗಿದೆ, ಸ್ವಾಗತಗೀತೆ ಹಾಡು."

ಅವಳು ಹಾಡಿದಳು. ಚೆನ್ನಾಗಿಯೇ ಹಾಡಿದಳು. ಮುಖ್ಯ ಅತಿಥಿಗಳು ಮೆಚ್ಚಿ ಚಪ್ಪಾಳೆ ತಟ್ಟಿದರು. ಫೈನಲ್ ಪಂದ್ಯದ ವಿವರಣೆಯನ್ನು ಹತ್ತನೆಯ ತರಗತಿಯ ಒಬ್ಬ ಹುಡುಗನಿಗೆ ಕೊಟ್ಟೆ. ಅವನಿಗೆ ಆಟದ ನಿಯಮವೂ ಪೂರ್ತಿ ಗೊತ್ತಿರಲಿಲ್ಲ. ಧ್ವನಿ ಮಾತ್ರ ದಪ್ಪಗಿತ್ತು.

ಬಹಳ ವರ್ಷಗಳಾದ ಮೇಲೆ ಓದಿ ತಿಳಿದೆ: ಅದೇ 1978ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಮೆಲಿಸ್ಸಾ ಲಡ್ಕಿ ಎಂಬ ಪತ್ರಕರ್ತೆಯ ಮೊಕದ್ದಮೆಯಲ್ಲಿ, ಯಾಂಕೀಸ್ ಕ್ರೀಡಾಂಗಣದ ಆಟಗಾರರ ಕೋಣೆಗೆ ಗಂಡು ವರದಿಗಾರರನ್ನು ಬಿಟ್ಟಂತೆ ಹೆಣ್ಣು ವರದಿಗಾರರನ್ನೂ ಬಿಡಬೇಕೆಂದು ತೀರ್ಪು ಕೊಟ್ಟಿತ್ತು. ಮುಂದೆ ವಾಲ್ಡ್‌ಮನ್ ನಡೆದದ್ದು ಆ ತೀರ್ಪು ತೆರೆದ ಬಾಗಿಲಿನಿಂದ. ಅಲ್ಲಿ ನ್ಯಾಯಾಧೀಶರು ಒಂದು ಬಾಗಿಲು ತೆರೆಯುತ್ತಿದ್ದ ವರ್ಷ ಇಲ್ಲಿ ನಾನು ಒಂದು ಬಾಗಿಲು ಮುಚ್ಚಿದೆ. ಮುಚ್ಚಿದೆನೆಂಬ ಅರಿವೂ ನನಗಿರಲಿಲ್ಲ. ಒಳ್ಳೆಯ ಮಾತನಾಡಿ ಕಳುಹಿಸಿದೆನೆಂದೇ ತಿಳಿದಿದ್ದೆ.

ಆ ಹುಡುಗಿ ಮುಂದೆ ದೊಡ್ಡ ವಿವರಣೆಗಾರ್ತಿಯಾಗುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ಯಾರಿಗೆ ಗೊತ್ತು? ಆಗುತ್ತಿರಲಿಲ್ಲವೇನೋ. ಆದರೆ ಆಗುತ್ತಾಳೋ ಇಲ್ಲವೋ ಎಂಬುದು ತಿಳಿಯಬೇಕಾದದ್ದು ಮೈಕಿನ ಮುಂದೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಅಲ್ಲ. ನ್ಯೂಯಾರ್ಕಿನಲ್ಲಿ ವಾಲ್ಡ್‌ಮನ್ ಅವರನ್ನು ಬೈದವರೆಲ್ಲರೂ ಆಕೆಯ ಮಾತನ್ನು ಕೇಳಿದ ಮೇಲೆ ಬೈದರು. ನಾನು ಕೇಳಿಸಿಕೊಳ್ಳುವ ಮೊದಲೇ ತೀರ್ಪು ಕೊಟ್ಟೆ. ಅಲ್ಲ, ಅದೂ ನಿಜವಲ್ಲ. ಕಿಟಕಿಯಿಂದ ಕೇಳಿದ್ದೆ. ಚೆನ್ನಾಗಿ ಹೇಳುತ್ತಾಳೆಂದು ಗೊತ್ತಿದ್ದೂ ಬೇಡವೆಂದೆ.

2011ರಲ್ಲಿ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಏರ್ಪಡಿಸಿದರು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಎಲ್ಲವೂ ನಡೆಯಿತು. ಆಕೆಯೂ ಬಂದಿದ್ದರು. ಯಾರೋ, "ಕ್ರೀಡಾಕೂಟದಲ್ಲಿ ಹಾಡಿದ್ದೆಯಲ್ಲ, ಅದೇ ಸ್ವಾಗತಗೀತೆ ಹಾಡು" ಎಂದರು. ಆಕೆ ನಗುತ್ತ ಎದ್ದು ಹಾಡಿದರು. ವೇದಿಕೆಯ ಮೇಲೆ ಪೇಟ ತೊಟ್ಟು ಕುಳಿತಿದ್ದ ನನಗೆ ತಲೆಯೆತ್ತುವುದು ಕಷ್ಟವಾಯಿತು. ಆಮೇಲೆ ನನ್ನ ಮಾತಿನ ಸರದಿ ಬಂತು. ಮೈಕು ಮತ್ತೆ ನನ್ನ ಕೈಯಲ್ಲಿತ್ತು. ಗುರು ಶಿಷ್ಯ ಸಂಬಂಧದ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿದೆ. ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಕ್ರಿಕೆಟ್ ನೋಡಿ ಮನೆಗೆ ಬಂದ ಆ ರಾತ್ರಿ ಈ ಲೇಖನವನ್ನು ಬರೆಯಲು ಕುಳಿತೆ. ನಿಮ್ಮೆಲ್ಲರೆದುರು ಇಲ್ಲಿ ತಪ್ಪೊಪ್ಪಿಕೊಂಡರೆ ಆಕೆಗೂ ಹೇಗೋ ತಲುಪುತ್ತದೆ ಎಂಬುದು ನನ್ನ ಯೋಚನೆ. ಅರ್ಧ ಬರೆಯುವಾಗ ಬೆರ‍್ರಾ ಅವರ ಕಥೆಗೆ ಬಂದೆ. ಅಲ್ಲಿ ಕೈ ನಿಂತಿತು. ಆ ಹದಿನಾಲ್ಕು ವರ್ಷದ ಮುನಿಸಿಗೆ ಕಾರಣ ಏನು? ಹೇಳಬೇಕಾದವನು ತಾನೇ ಹೋಗದೆ ಇನ್ನೊಬ್ಬರ ಮೂಲಕ ಹೇಳಿಸಿದ್ದು. ನಾನು ಈ ಬರಹದ ಮೂಲಕ ಮಾಡಹೊರಟದ್ದೂ ಅದನ್ನೇ ಅಲ್ಲವೇ?

ಹಾಗಾಗಿ ಕಳೆದ ಭಾನುವಾರ ಮಗನನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿ ಆಕೆಯ ಊರಿಗೆ ಹೋಗಿಬಂದೆ. ಎಂಬತ್ತೈದರ ಮೊಣಕಾಲಿಗೆ ಎರಡು ಗಂಟೆಯ ಬಸ್ಸು ಸುಲಭವಲ್ಲ. ಆಕೆ ಗಾಬರಿಯಿಂದ, "ಯಾಕೆ ಸಾರ್ ಬರೋಕೆ ಹೋದ್ರಿ, ಹೇಳಿಕಳಿಸಿದ್ದರೆ ನಾನೇ ಬರುತ್ತಿದ್ದೆ" ಎಂದರು. ಹೇಳಿಕಳಿಸುವ ಮಾತಲ್ಲವೆಂದು ಹೇಳಿ, ಹೇಳಬೇಕಾದದ್ದನ್ನು ಹೇಳಿದೆ. ಇದನ್ನು ಬರೆಯುವುದಕ್ಕೂ ಆಕೆಯ ಒಪ್ಪಿಗೆ ಪಡೆದೆ. ಹೆಸರು ಹಾಕಬೇಡಿ ಎಂದರು, ಹಾಕಿಲ್ಲ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಅಯ್ಯೋ ಬಿಡಿ ಸಾರ್, ಅದೇನು ಮಹಾ' ಎನ್ನುತ್ತಾರೆಂದು ನಾನು ಕಾದಿದ್ದೆ. ಹಾಗೆ ಅನ್ನಲಿಲ್ಲ. ಬದಲಿಗೆ ಹೀಗೆಂದರು: "ಅವತ್ತು ಕೊನೆಯ ಪಾಳಿಯಲ್ಲಿ ಆ ಹುಡುಗ ಮೈಕಿನಲ್ಲಿ ತಪ್ಪು ಹೇಳಿದ ಸಾರ್. ಏಳನೇ ನಂಬರಿನವಳು ಔಟು ಅಂದ. ಔಟಾದವಳು ನಾಲ್ಕನೇ ನಂಬರಿನವಳು. ಏಳನೆಯವಳು ಕಂಬದ ಪಕ್ಕದಲ್ಲೇ ತಪ್ಪಿಸಿಕೊಂಡು ಸೀಟಿ ಊದೋ ತನಕ ಓಡಿದಳು. ಅಷ್ಟು ಚೆನ್ನಾಗಿ ಓಡಿದ್ದನ್ನು ಯಾರೂ ಹೇಳಲೇ ಇಲ್ಲ."

ಇಷ್ಟು ವರ್ಷ ಆಕೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ತನಗಾದ ಅನ್ಯಾಯವನ್ನಲ್ಲ, ವರದಿಯಲ್ಲಾದ ತಪ್ಪನ್ನು. ನಾನು "ಪೂರ್ತಿ ಹೇಳು" ಎಂದೆ. ಆಕೆ ಕಾಫಿ ಲೋಟವನ್ನು ಪಕ್ಕಕ್ಕಿಟ್ಟು ಆ ಕೊನೆಯ ಪಾಳಿಯನ್ನು ಮೊದಲಿನಿಂದ ಹೇಳಿದರು. ಮಗ, ಆಕೆಯ ಯಜಮಾನರು, ಮೊಮ್ಮಕ್ಕಳು ಎಲ್ಲರೂ ಕೇಳುತ್ತ ಕುಳಿತರು. ಆ ಮೈದಾನ, ಆ ಹೊಂಗೆಮರ, ಸುಣ್ಣದ ಗೆರೆ ಎಲ್ಲವೂ ನನಗೆ ಕಂಡವು.

1999ರ ಜುಲೈ 18ರಂದು ಬೆರ‍್ರಾ ಅವರನ್ನು ಯಾಂಕೀಸ್ ಕ್ರೀಡಾಂಗಣದಲ್ಲಿ ಸನ್ಮಾನಿಸಿದರಂತೆ. ಅಂದು ಡೇವಿಡ್ ಕೋನ್ ಎಂಬ ಪಿಚರ್ ಎದುರಾಳಿ ತಂಡದ ಇಪ್ಪತ್ತೇಳು ಮಂದಿಯನ್ನೂ ಒಬ್ಬರಾದ ಮೇಲೊಬ್ಬರಂತೆ, ಒಬ್ಬರಿಗೂ ಮೊದಲ ಬೇಸ್ ಮುಟ್ಟಗೊಡದೆ ಔಟ್ ಮಾಡಿದನಂತೆ. ಬೇಸ್‌ಬಾಲಿನಲ್ಲಿ ಅಂಥದು ಬಹಳ ಅಪರೂಪ. ಆರು ತಿಂಗಳ ಹಿಂದೆ ಒಬ್ಬ ವರದಿಗಾರ್ತಿ ಇಬ್ಬರು ಹಟಮಾರಿ ಮುದುಕರನ್ನು ಮಾತನಾಡಿಸದಿದ್ದರೆ ಬೆರ‍್ರಾ ಆ ದಿನ ಅಲ್ಲಿ ಇರುತ್ತಿರಲಿಲ್ಲ. ಹಾಗೆ ನೋಡಿದರೆ ನನಗೂ ಆ ಭಾನುವಾರ ಸಿಕ್ಕಿದ್ದು ಆಕೆಯಿಂದಲೇ.

ನಿಮ್ಮಲ್ಲಿ ಈಗ ಹಲವರು ಹೆಡ್‌ಮಾಸ್ಟರರಾಗಿದ್ದೀರಿ, ಸಂಘಗಳ ಕಾರ್ಯದರ್ಶಿಗಳಾಗಿದ್ದೀರಿ, ಇಬ್ಬರು ಆಕಾಶವಾಣಿಯಲ್ಲಿಯೂ ಇದ್ದೀರಿ. ಮೈಕು ನಿಮ್ಮ ಕೈಯಲ್ಲಿದೆ. ಬಾಗಿಲಲ್ಲಿ ಯಾರಾದರೂ ನಿಂತು 'ನಾನು ಹೇಳಲಾ?' ಎಂದು ಕೇಳಿದರೆ, ಕಿವಿಗೆ ಒಗ್ಗುತ್ತದೋ ಇಲ್ಲವೋ ಎಂದು ಅಲ್ಲೇ ನಿರ್ಧರಿಸಬೇಡಿ. ಒಂದು ಪಂದ್ಯವನ್ನು ಕೊಡಿ. ತಪ್ಪಾದರೆ ತಿದ್ದಿ. ತಿದ್ದುವುದು ನಮಗೆ ಗೊತ್ತಿರುವ ಕಸುಬೇ ತಾನೆ.

ಮುಂದಿನ ಪಂದ್ಯಕ್ಕೆ ಗೆಳೆಯರ ಮನೆಗೆ ಹೋಗುವವನಿದ್ದೇನೆ. ರಿಮೋಟನ್ನು ನಾನು ಹಿಡಿದುಕೊಳ್ಳುತ್ತೇನೆಂದು ಈಗಾಗಲೇ ಹೇಳಿದ್ದೇನೆ.

ಇತಿ ನಿಮ್ಮ ಮೇಷ್ಟ್ರು